ಕೊಂದಿದ್ದು ನಾನಲ್ಲ, ಕೊಡಲಿ

ಪ್ರಾಚೀನ ಅಥೆನ್ಸ್ ನಗರದಲ್ಲಿ ವರ್ಷಕ್ಕೊಂದು ಕೊಲೆ ಕೇಸು ತಪ್ಪದೆ ನಡೆಯುತ್ತಿತ್ತು. ಸತ್ತದ್ದು ಎತ್ತು. ಆರೋಪಿ ಯಾರು ಅಂತ ಹುಡುಕಿ ಹುಡುಕಿ, ಕೊನೆಗೆ ವಿಚಾರಣೆಗೆ ನಿಲ್ಲುತ್ತಿದ್ದದ್ದು ಕೊಡಲಿಯೋ ಚೂರಿಯೋ.

ಹಬ್ಬದ ಹೆಸರು ಬೂಫೋನಿಯಾ. ನಡು ಬೇಸಿಗೆಯಲ್ಲಿ, ಅಕ್ರೊಪೊಲಿಸ್ ಗುಡ್ಡದ ಮೇಲೆ, ಜ್ಯೂಸ್ ದೇವರಿಗಾಗಿ ಮಾಡುತ್ತಿದ್ದದ್ದು. ಬಲಿಪೀಠದ ಮೇಲೆ ಧಾನ್ಯದ ನೈವೇದ್ಯ ಇಡುತ್ತಿದ್ದರು. ಉಳುವ ಎತ್ತುಗಳನ್ನು ಅದರ ಸುತ್ತ ನಡೆಸುತ್ತಿದ್ದರು. ಯಾವ ಎತ್ತು ಬಾಯಿ ಹಾಕಿತೋ ಅದೇ ಅಪರಾಧಿ. ದೇವರ ಪಾಲನ್ನು ತಿಂದಿದೆಯಲ್ಲ! ಒಬ್ಬ ಕೊಡಲಿಯಿಂದ ಹೊಡೆಯುತ್ತಿದ್ದ. ಹೊಡೆದವನೇ ಕೊಡಲಿ ಬಿಸಾಕಿ ಓಡಿಬಿಡುತ್ತಿದ್ದ.

ಆಮೇಲೆ ವಿಚಾರಣೆ ಶುರು. ಕೊಡಲಿ ಮಸೆಯಲು ನೀರು ತಂದ ಹುಡುಗಿಯರು ಮಸೆದವರ ಕಡೆ ಕೈ ತೋರಿಸುತ್ತಿದ್ದರು. ಮಸೆದವರು ಕೊಡಲಿ ಎತ್ತಿಕೊಟ್ಟವನ ಕಡೆ. ಅವನು ಚೂರಿಯಿಂದ ಎತ್ತಿನ ಕತ್ತು ಕುಯ್ದವನ ಕಡೆ. ಹೀಗೆ ದಾಟಿ ದಾಟಿ ತಪ್ಪು ಚೂರಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಚೂರಿಗೆ ಬಾಯಿಲ್ಲ. ಅದನ್ನು ತಪ್ಪಿತಸ್ಥ ಅಂತ ತೀರ್ಮಾನಿಸಿ ಸಮುದ್ರಕ್ಕೆ ಎಸೆಯುತ್ತಿದ್ದರು. ಇದು 3ನೇ ಶತಮಾನದ ಪೋರ್ಫಿರಿ ಎಂಬ ತತ್ವಜ್ಞಾನಿ ಕೊಡುವ ವಿವರ. ಅವನಿಗಿಂತ ನೂರು ವರ್ಷ ಮುಂಚಿನ ಪ್ರವಾಸಿ ಪೌಸೇನಿಯಸ್, ವಿಚಾರಣೆ ಆಗುತ್ತಿದ್ದದ್ದು ಕೊಡಲಿಗೆ ಅನ್ನುತ್ತಾನೆ. ಸತ್ತ ಎತ್ತಿನ ಚರ್ಮಕ್ಕೆ ಹುಲ್ಲು ತುಂಬಿ ಹೊಲಿದು, ನಿಲ್ಲಿಸಿ, ನೇಗಿಲಿಗೆ ಕಟ್ಟುತ್ತಿದ್ದರಂತೆ. ಏನೂ ಆಗಿಯೇ ಇಲ್ಲ, ಎತ್ತು ಉಳುತ್ತಾ ಇದೆ ಅನ್ನೋ ಹಾಗೆ.

ಅಥೆನ್ಸಿನವರು ದಡ್ಡರಲ್ಲ. ಇದು ನಾಟಕ ಅಂತ ಅವರಿಗೂ ಗೊತ್ತಿತ್ತು. ಕ್ರಿ.ಪೂ. 5ನೇ ಶತಮಾನದ ಹಾಸ್ಯ ನಾಟಕಕಾರ ಅರಿಸ್ತೊಫನೀಸನ ಕಾಲಕ್ಕೇ ಇದು ಮುತ್ತಜ್ಜನ ಕಾಲದ ಪದ್ಧತಿ ಅಂತ ಗೇಲಿಗೆ ಸಿಕ್ಕಿತ್ತು. ಆದರೂ ಬಿಡಲಿಲ್ಲ. ಮಾಡಲೇಬೇಕಿತ್ತು. ಯಾಕೆ ಅನ್ನೋದೇ ನನ್ನನ್ನು ಹಿಡಿದಿಟ್ಟ ಪ್ರಶ್ನೆ.

ಬಲಿ ಅಂದ ತಕ್ಷಣ ನಮಗೆ ರಕ್ತದಾಹ, ಮೌಢ್ಯ, ಕ್ರೌರ್ಯ ಇಷ್ಟೇ ನೆನಪಾಗುತ್ತದೆ. ಹಳೆಯ ವಿಧಿಗಳನ್ನು ಓದುತ್ತಾ ಹೋದರೆ ಬೇರೇನೋ ಕಾಣುತ್ತದೆ. ಕೊಲ್ಲುವ ಕೈ ನಡುಗಿದೆ. ಆ ನಡುಕಕ್ಕೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಪಾಪ ಯಾರ ಲೆಕ್ಕಕ್ಕೆ ಹೋಗಬೇಕು ಅನ್ನುವ ವ್ಯವಸ್ಥೆ. ಸೈಬೀರಿಯಾದ ಖಾಂತಿ ಜನರ ವಿಷಯ ಕೇಳಿ. ಕರಡಿ ಕೊಂದ ಮೇಲೆ ಅದರ ಮುಂದೆ ನಿಂತು, ನಿನ್ನನ್ನು ಕೊಂದದ್ದು ನಾವಲ್ಲ, ರಷ್ಯನ್ನರು, ಕೊಡಲಿ ಮಾಡಿದ್ದೇ ಅವರು ಅಂತ ಸಮಾಧಾನ ಹೇಳುತ್ತಿದ್ದರು ಎಂದು ಹಿಂದಿನ ಪ್ರವಾಸಿಗಳು ಬರೆದಿಟ್ಟಿದ್ದಾರೆ. ಅಲ್ಲೂ ಕೊಡಲಿಯೇ ಸಿಕ್ಕಿಬಿದ್ದಿದೆ ನೋಡಿ.

ವೇದದ ಯಜ್ಞಗಳಲ್ಲಿ ಈ ನಡುಕ ಇನ್ನೂ ಸೂಕ್ಷ್ಮ. ಪಶುವನ್ನು ಕಡಿಯುತ್ತಿರಲಿಲ್ಲ, ಉಸಿರು ಕಟ್ಟಿಸುತ್ತಿದ್ದರು. ಅದನ್ನು ಮಾಡಲು ಶಮಿತೃ ಅಂತ ಬೇರೆಯೇ ಒಬ್ಬ. ಆ ಹೊತ್ತಿನಲ್ಲಿ ಯಜ್ಞ ಮಾಡಿಸುವ ಋತ್ವಿಜರೆಲ್ಲ ಬೆನ್ನು ತಿರುಗಿಸಿ ಅಗ್ನಿಯ ಕಡೆ ಮುಖ ಮಾಡಿ ಕೂರಬೇಕು, ಕಣ್ಣಾರೆ ನೋಡಿದ ಸಾಕ್ಷಿಗಳಾಗಬಾರದು ಅಂತ ಶತಪಥ ಬ್ರಾಹ್ಮಣ ಎಂಬ ವೈದಿಕ ಗ್ರಂಥ ಹೇಳುತ್ತದೆ. 'ಕೊಲ್ಲು' ಅಂತ ಬಾಯಲ್ಲೂ ಬರಬಾರದು, ಅದು ಮನುಷ್ಯರ ರೀತಿಯಂತೆ. ಋಗ್ವೇದದ ಒಂದನೇ ಮಂಡಲದಲ್ಲಿ ಅಶ್ವಮೇಧದ ಕುದುರೆಗೆ ಹೇಳುವ ಮಾತೊಂದಿದೆ. ನೀನು ಸಾಯುತ್ತಿಲ್ಲ, ನಿನಗೆ ನೋವಾಗುತ್ತಿಲ್ಲ, ಸುಲಭದ ದಾರಿಗಳಲ್ಲಿ ದೇವರ ಬಳಿಗೆ ಹೋಗುತ್ತಿದ್ದೀಯ ಅಂತ. ಕುದುರೆಗೆ ಹೇಳಿದ್ದೋ, ತಮಗೇ ಹೇಳಿಕೊಂಡದ್ದೋ? ರಕ್ತವಂತೂ ರಾಕ್ಷಸರ ಪಾಲು ಅಂತ ಪಕ್ಕಕ್ಕೆ ಸರಿಸಿಬಿಟ್ಟರು.

ಇನ್ನು ಪ್ರಾಣಿಯ ಒಪ್ಪಿಗೆ. ಗ್ರೀಸಿನಲ್ಲಿ ಎತ್ತಿನ ತಲೆ ಮೇಲೆ ನೀರು ಚಿಮುಕಿಸಿ, ಕಾಳು ಎರಚುತ್ತಿದ್ದರು. ಅದು ತಲೆ ಅಲ್ಲಾಡಿಸಿದರೆ ಒಪ್ಪಿದ ಹಾಗೆ. ಚೂರಿಯನ್ನು ಬುಟ್ಟಿಯಲ್ಲಿ ಕಾಳಿನ ಕೆಳಗೆ ಮುಚ್ಚಿಟ್ಟಿರುತ್ತಿದ್ದರು. ಈ ತಲೆಯಾಡಿಸುವಿಕೆಯನ್ನು ನಿಜಕ್ಕೂ ಒಪ್ಪಿಗೆ ಅಂತ ತಿಳಿಯುತ್ತಿದ್ದರಾ ಅಂತ ವಿದ್ವಾಂಸರಲ್ಲಿ ಈಗ ತಕರಾರಿದೆ. ನನಗೆ ಆ ತಕರಾರು ಓದುವಾಗ ಸುಮ್ನೆ ನಗು ಬಂತು. ತುಮಕೂರು ಕಡೆಯ ಯಾವುದಾದರೂ ಹಳ್ಳಿಗೆ ಬಂದು ಹರಕೆ ಕುರಿ ಮುಂದೆ ನಿಂತಿದ್ದರೆ ಅರ್ಧ ಸಂಶಯ ಅಲ್ಲೇ ತೀರುತ್ತಿತ್ತು.

ನಮ್ಮ ದೊಡ್ಡಮ್ಮನ ಮನೆಯ ಹರಕೆ ಒಂದು ಕಣ್ಣಿಗೆ ಕಟ್ಟಿದ ಹಾಗಿದೆ. ಕುರಿಗೆ ಹಣೆ ತುಂಬ ಅರಿಶಿನ ಕುಂಕುಮ. ಕೊರಳಿಗೆ ಬೇವಿನ ಸೊಪ್ಪು, ಸೇವಂತಿಗೆ ಹಾರ. ಪೂಜಾರಪ್ಪ ಚೊಂಬಿನಿಂದ ಬೆನ್ನ ಮೇಲೆ ತೀರ್ಥ ಸುರಿದ. ಕುರಿ ಮೈ ಕೊಡವಬೇಕು. ಕೊಡವಿದರೆ ಅಮ್ಮ ಒಪ್ಪಿದ ಹಾಗೆ. ಕುರಿ ಕೊಡವಲಿಲ್ಲ. ಸುಮ್ಮನೆ ನಿಂತಿತು. ಎರಡನೇ ಚೊಂಬು. ಊಹೂಂ. ತಮಟೆ ನಿಂತಿತು. ಮಾತು ನಿಂತಿತು. ಮಚ್ಚು ಹಿಡಿದವನು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು ನೆಲ ನೋಡುತ್ತಿದ್ದ.

"ಏನ್ ತಪ್ಪಾಗಿದ್ಯೋ ಹೇಳವ್ವಾ" ಅಂತ ದೊಡ್ಡಮ್ಮ ಸೆರಗೊಡ್ಡಿ ನಿಂತರು. ಆಗ ಯಾರಿಗೋ ನೆನಪಾಯಿತು. ಹಿಂದೆ ಯಾವಾಗಲೋ ಹೊತ್ತಿದ್ದ ಸೀರೆ ಹರಕೆ ಇನ್ನೂ ಸಲ್ಲಿಸಿಲ್ಲ. ಬರುವ ಶುಕ್ರವಾರದೊಳಗೆ ಕೊಡ್ತೀವಿ ಅಂತ ಅಲ್ಲೇ ತಪ್ಪುಕಾಣಿಕೆ ಕಟ್ಟಿದರು. ಪೂಜಾರಪ್ಪ ಮೂರನೇ ಚೊಂಬನ್ನು ಸ್ವಲ್ಪ ಕಿವಿಯ ಹತ್ತಿರ ಸುರಿದ. ಕುರಿ ತಲೆಯಿಂದ ಬಾಲದವರೆಗೂ ಪಟಪಟ ಅಂತ ಒಮ್ಮೆ ಮೈ ಕೊಡವಿತು. ತಮಟೆ ಶುರುವಾಯಿತು. "ಒಪ್ಕೊಂಡ್ಳು ತಾಯಿ!"

ಕಿವಿಗೆ ತಣ್ಣೀರು ಬಿದ್ದರೆ ಯಾವ ಕುರಿಯಾದರೂ ಕೊಡವುತ್ತದೆ. ಅದು ಪೂಜಾರಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಆ ಎರಡು ಚೊಂಬಿನ ನಡುವಿನ ಹೊತ್ತಿದೆಯಲ್ಲ, ಆಗ ಅಲ್ಲಿದ್ದ ಅಷ್ಟೂ ಜನ ಆ ಕುರಿಯನ್ನೇ ನೋಡುತ್ತಿದ್ದರು. ನಾನು ಭಾನುವಾರ ಬೆಳಿಗ್ಗೆ ಮಟನ್ ಅಂಗಡಿ ಮುಂದೆ ನಿಂತಾಗ ಯಾರನ್ನೂ ನೋಡುವುದಿಲ್ಲ. ಫೋನ್ ನೋಡುತ್ತಿರುತ್ತೇನೆ. ಕರಿ ಕವರು ಕೈಗೆ ಬಂದ ಮೇಲೆ ತಲೆ ಎತ್ತುತ್ತೇನೆ. ಹೌದು, ನಾನು ಬಾಡು ತಿನ್ನುವವನು. ಅದನ್ನು ಮೊದಲೇ ಹೇಳಬೇಕಿತ್ತೇನೋ.

ಇನ್ನೊಂದು ವಿಷಯ. ಇವರೆಲ್ಲ ಸೀರೆಯ ಲೆಕ್ಕ ಮಾಡುತ್ತಿದ್ದಾಗ ಆ ಕುರಿ ಕತ್ತು ತಿರುಗಿಸಿ ತನ್ನ ಕೊರಳ ಬೇವಿನ ಸೊಪ್ಪಿಗೇ ಬಾಯಿ ಹಾಕಿತ್ತು.

ಬಸವಣ್ಣನ ವಚನ ನಿಮಗೆ ಈಗಾಗಲೇ ನೆನಪಾಗಿರುತ್ತದೆ. ಹಬ್ಬಕ್ಕೆ ತಂದ ಹರಕೆಯ ಕುರಿ, ತೋರಣಕ್ಕೆ ಅಂತ ತಂದ ತಳಿರನ್ನು ಮೇಯುತ್ತದೆ. ತನ್ನನ್ನು ಕೊಲ್ಲುತ್ತಾರೆ ಅಂತ ಅದಕ್ಕೆ ಗೊತ್ತಿಲ್ಲ, ಹೊಟ್ಟೆ ಹಸಿದಿದೆ, ಅಷ್ಟೇ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಅಥೆನ್ಸಿನ ಎತ್ತಿನ ಪಕ್ಕದಲ್ಲಿ ಇಟ್ಟು ನೋಡುವವರೆಗೂ ಇದರ ಬಿಸಿ ತಟ್ಟಿರಲಿಲ್ಲ. ಎರಡೂ ಕಡೆ ನಡೆದದ್ದು ಒಂದೇ. ಹಬ್ಬದ ಪ್ರಾಣಿ ಹಬ್ಬಕ್ಕಿಟ್ಟದ್ದನ್ನು ತಿಂದಿತು. ಅಥೆನ್ಸಿನವರು ಆ ಬಾಯಿಯನ್ನು ನೋಡಿ, ತಪ್ಪು ಮಾಡಿತು, ಇನ್ನು ಹೊಡೆಯಬಹುದು ಅಂದರು. 12ನೇ ಶತಮಾನದ ಕಲ್ಯಾಣದಲ್ಲಿ ಒಬ್ಬ ಮನುಷ್ಯ ಅದೇ ಬಾಯಿಯನ್ನು ನೋಡಿ, ಇದರಷ್ಟು ಅಮಾಯಕ ಜೀವ ಇನ್ನೊಂದಿಲ್ಲ ಅಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕುರಿಯಂತೂ ಹೋಯಿತು, ಕೊಂದವರು ಉಳಿದರೇ ಅಂತ ಕೇಳಿ ಮುಗಿಸಿದ. ಕೊಡಲಿಗೆ ದಾಟಿಸುವ ದಾರಿಯನ್ನೇ ಮುಚ್ಚಿದ ಪ್ರಶ್ನೆ ಅದು.

ಬೂಫೋನಿಯಾ ಶುರುವಾದದ್ದರ ಹಿಂದೆ ಪೋರ್ಫಿರಿ ಒಂದು ಕತೆಯನ್ನೂ ಹೇಳುತ್ತಾನೆ. ಸೋಪತ್ರೋಸ್ ಅಂತ ಒಬ್ಬ ರೈತ. ಅಥೆನ್ಸ್ ಸೀಮೆಯಲ್ಲಿ ಬೇಸಾಯ ಮಾಡಿಕೊಂಡಿದ್ದರೂ ಅಲ್ಲಿಯ ಪೌರನಲ್ಲ, ಹೊರಗಿನವನು. ಅವನು ಇಟ್ಟ ನೈವೇದ್ಯವನ್ನು ಒಂದು ಎತ್ತು ತಿಂದು ತುಳಿಯಿತು. ಸಿಟ್ಟಿನಲ್ಲಿ ಕೊಡಲಿ ಎತ್ತಿ ಹೊಡೆದುಬಿಟ್ಟ. ಸಿಟ್ಟಿಳಿದ ಮೇಲೆ ಭಯ. ಎತ್ತನ್ನು ಹೂತು ಕ್ರೀಟ್ ದ್ವೀಪಕ್ಕೆ ಓಡಿಹೋದ. ಇತ್ತ ಬರಗಾಲ ಬಂತು. ಡೆಲ್ಫಿಯಲ್ಲಿ ದೇವವಾಣಿ ಕೇಳಿಸಿದರು. ಓಡಿಹೋದವನಿಂದಲೇ ಪರಿಹಾರ ಅಂತ ಬಂತು. ಹುಡುಕಿಕೊಂಡು ಹೋದರು. ಆಗ ಸೋಪತ್ರೋಸ್ ಒಂದು ಷರತ್ತು ಹಾಕಿದ. ಇದೇ ಕೆಲಸವನ್ನು ಎಲ್ಲರೂ ಸೇರಿ ಮಾಡೋಣ, ಹೊಡೆಯೋದು ನಾನೇ ಹೊಡೀತೀನಿ, ಆದರೆ ಪಾಪ ಎಲ್ಲರದ್ದೂ ಆಗಬೇಕು, ನನ್ನನ್ನು ನಿಮ್ಮೂರಿನ ಪೌರನನ್ನಾಗಿ ಮಾಡಿ ಅಂದ. ಒಪ್ಪಿದರು. ಎಲ್ಲರೂ ಮಾಂಸ ಹಂಚಿಕೊಂಡು ತಿಂದರು.

ಹೊಡೆಯುವ ಕೈಗೆ ಊರೊಳಗೆ ಜಾಗ ಸಿಕ್ಕಿತು ಅಲ್ವಾ? ಇದನ್ನು ಓದಿದ ದಿನ ನನಗೆ ನಮ್ಮ ಮಾರಿಹಬ್ಬಗಳ ನೆನಪು ಬಂದು ಊಟ ಸೇರಲಿಲ್ಲ.

ಮಾರಿಯ ಕತೆ ಕರ್ನಾಟಕದ ತುಂಬ ಹೆಚ್ಚುಕಡಿಮೆ ಒಂದೇ. ಕೆಳಜಾತಿಯ ಹುಡುಗನೊಬ್ಬ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗುತ್ತಾನೆ. ಮಕ್ಕಳಾಗುತ್ತವೆ. ಒಂದು ದಿನ ಗುಟ್ಟು ರಟ್ಟಾಗುತ್ತದೆ. ಅವಳು ಉರಿದೆದ್ದು ಮಾರಿಯಾಗುತ್ತಾಳೆ. ಗಂಡ ಕೋಣನಾಗುತ್ತಾನೆ. ಮಕ್ಕಳು ಕುರಿ ಕೋಳಿಗಳಾಗುತ್ತವೆ. ಅವರನ್ನೇ ಅವಳ ಮುಂದೆ ಕಡಿಯಬೇಕು. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಕೋಣನ ಬಲಿ ನಿಂತು ದಶಕಗಳೇ ಕಳೆದಿವೆ. ಆದರೂ ಜಾತ್ರೆಯ ಕೊನೆಗೆ ಮಾತಂಗಿ ಚಪ್ಪರಕ್ಕೆ ಬೆಂಕಿ ಇಡುವುದು ಈಗಲೂ ಇದೆ. ಗಂಡನ ಮನೆ ಸುಟ್ಟದ್ದರ ನೆನಪು ಅದು.

ಇದನ್ನು ಜಾನಪದ ಅಂತ ಮೆಚ್ಚಿಕೊಂಡು ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಜಾತಿ ಮೀರಿದ ಮದುವೆಗೆ ಕೊಟ್ಟ ಶಿಕ್ಷೆಯನ್ನು ಊರು ಕೆಲವು ವರ್ಷಕ್ಕೊಮ್ಮೆ ಆಚರಿಸಿ, ಮರೆಯದ ಹಾಗೆ ನೋಡಿಕೊಂಡಿದೆ. ಕಡಿಯುವ ಕೆಲಸ ಯಾರದ್ದು? ಅನೇಕ ಊರುಗಳಲ್ಲಿ ಕೇರಿಯ ಒಂದು ಮನೆತನದ್ದು. ಅಂದರೆ ಕತೆಯಲ್ಲಿ ಸತ್ತವನ ಕಡೆಯವರದ್ದೇ. ಕೋಣನ ತಲೆಯ ಬಾಯಿಗೆ ಅದರದ್ದೇ ಮುಂಗಾಲು ಕೊಟ್ಟು, ತಲೆ ಮೇಲೆ ದೀಪ ಹಚ್ಚಿ ಮಾರಿಯ ಮುಂದೆ ಇಡುವವರೂ ಅವರೇ. ರಕ್ತ ಕಲೆಸಿದ ಅನ್ನದ ಚರಗವನ್ನು ನಡುರಾತ್ರಿ ಊರ ಗಡಿಯ ಸುತ್ತ ಚೆಲ್ಲುತ್ತಾ ಓಡುವವರೂ ಅವರೇ. ಅಮ್ಮನ ಕತೆ ಹಾಡಿ, ಅವಳನ್ನೇ ಬಾಯಿಗೆ ಬಂದಂತೆ ಬೈಯುವ ಹಕ್ಕು ಅಸಾದಿಗಳು ಎಂಬ ಹಾಡುಗಾರರದ್ದು. ಈ ಕೆಲಸಕ್ಕೆ ಅಂತ ಒಂದಿಷ್ಟು ಇನಾಂ ಜಮೀನು ಕೊಟ್ಟಿರುತ್ತಿದ್ದರು. ಬೆಳಗಾದರೆ ಊರು ಶುದ್ಧ. ಕಡಿದವರು ಮೊದಲಿನ ಹಾಗೇ ಹೊರಗೆ. ಅಥೆನ್ಸಿನಲ್ಲಿ ಸಮುದ್ರಕ್ಕೆ ಎಸೆಯಲು ಒಂದು ಚೂರಿ ಇತ್ತು. ನಮ್ಮಲ್ಲಿ ಆ ಜಾಗದಲ್ಲಿ ಮನುಷ್ಯರಿದ್ದರು.

ಮಾಂಸ ಹಂಚುವುದರಲ್ಲಿ ಮಾತ್ರ ನಮ್ಮವರು ಯಾವ ಗ್ರೀಕರಿಗೂ ಕಡಿಮೆ ಇಲ್ಲ. ಮಂಡ್ಯ, ರಾಮನಗರದ ಕಡೆ ಯುಗಾದಿಯ ಮರುದಿನ ಹೊಸತೊಡಕಿಗೆ ಗುಡ್ಡೆಬಾಡು ಹಾಕುವುದನ್ನು ನೋಡಬೇಕು. ಎಲೆ ಹಾಸಿ, ಬಾಡಿನ ಸಾಲು ಸಾಲು ಗುಡ್ಡೆ. ಪ್ರತಿ ಗುಡ್ಡೆಗೂ ಒಂದೊಂದು ಚೂರು ಈಲಿ, ಬೋಟಿ, ಮೂಳೆ. ಒಂದು ಚೂರು ಹೆಚ್ಚುಕಡಿಮೆ ಆದರೂ ಜಗಳ. ದೇವರಿಗೆ ಮೂಳೆ ಮತ್ತು ಕೊಬ್ಬು, ಮನುಷ್ಯರಿಗೆ ಮಾಂಸ ಅಂತ ಪ್ರೊಮಿಥಿಯಸ್ ಜ್ಯೂಸ್‌ನನ್ನೇ ಯಾಮಾರಿಸಿದ ಗ್ರೀಕ್ ಕತೆಯನ್ನು ಇಲ್ಲಿ ಯಾರಿಗೆ ಹೇಳಿದರೂ ಥಟ್ಟಂತ ಅರ್ಥವಾಗುತ್ತದೆ.

ಕೊಲ್ಲದೆಯೂ ಕೊಡುವ ಉಪಾಯ ಒಂದಿದೆ. ಹಿಟ್ಟು. ಇದು ನಾವು ಅಂದುಕೊಂಡದ್ದಕ್ಕಿಂತ ತುಂಬಾ ಹಳೆಯದು. ಅದೇ ಶತಪಥ ಬ್ರಾಹ್ಮಣದಲ್ಲಿ ಒಂದು ಸೊಗಸಾದ ಕತೆ ಬರುತ್ತದೆ. ದೇವತೆಗಳು ಮೊದಲು ಮನುಷ್ಯನನ್ನು ಬಲಿ ಕೊಟ್ಟರು. ಅವನಲ್ಲಿದ್ದ ಬಲಿಯ ಸತ್ವ ಕುದುರೆಗೆ ಹೋಯಿತು. ಕುದುರೆಯಿಂದ ಎತ್ತಿಗೆ, ಎತ್ತಿನಿಂದ ಕುರಿಗೆ, ಕುರಿಯಿಂದ ಮೇಕೆಗೆ. ಕೊನೆಗೆ ಭೂಮಿಯೊಳಗೆ ಹೊಕ್ಕಿತು. ಅಗೆದು ನೋಡಿದರೆ ಅಕ್ಕಿ, ಬಾರ್ಲಿ ಸಿಕ್ಕವು. ಹಾಗಾಗಿ ಹಿಟ್ಟೇ ಪಶು. ಒಣ ಹಿಟ್ಟು ಅದರ ಕೂದಲು, ನೀರು ಬಿದ್ದರೆ ಚರ್ಮ, ನಾದಿದರೆ ಮಾಂಸ, ಸುಟ್ಟರೆ ಮೂಳೆ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಯಜ್ಞಕ್ಕೆ ಪಿಷ್ಟಪಶು, ಅಂದರೆ ಹಿಟ್ಟಿನ ಪಶು, ಸಾಕು ಅಂದಾಗ, ಈ ದಾರಿ ಆಗಲೇ ಇತ್ತು.

ಆದರೆ ಹಿಟ್ಟಿನಿಂದಲೂ ಬಿಡುಗಡೆ ಇಲ್ಲ ಅಂದವನು ಜನ್ನ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಈ ಜೈನ ಕವಿ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ರಾಜ ಯಶೋಧರನಿಗೆ ಕೊಲ್ಲಲು ಮನಸ್ಸಿಲ್ಲ. ತಾಯಿ ಚಂದ್ರಮತಿಗೆ ಬಲಿ ಬೇಕು. ಕೊನೆಗೆ ಹಿಟ್ಟಿನ ಹುಂಜಕ್ಕೆ ರಾಜಿಯಾಗುತ್ತದೆ. ರಾಜ ಕತ್ತಿ ಬೀಸಿದಾಗ ಆ ಹಿಟ್ಟಿನ ಹುಂಜ ಕೂಗುತ್ತದೆ! ಎಂಟುನೂರು ವರ್ಷ ಆದಮೇಲೂ ಆ ಕೂಗು ಬೆಚ್ಚಿಬೀಳಿಸುತ್ತದೆ. ಆಮೇಲೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ನವಿಲು, ನಾಯಿ ಅಂತ ಶುರುವಾಗಿ ಕೊನೆಗೆ ಕೋಳಿಗಳಾಗುವವರೆಗೆ. ಹಿಟ್ಟಿಗೆ ಜೀವ ಇಲ್ಲ, ಸರಿ. ಕೊಲ್ಲುವ ಮನಸ್ಸು ಮಾಡಿದೆಯಲ್ಲ, ಅದು ಯಾರ ಲೆಕ್ಕಕ್ಕೆ? ಬಸವಣ್ಣ ಕೊಡಲಿಯ ದಾರಿ ಮುಚ್ಚಿದರೆ, ಜನ್ನ ಹಿಟ್ಟಿನ ದಾರಿಯನ್ನೂ ಮುಚ್ಚಿದ. ಸ್ವಲ್ಪ ಅತಿಯಾಯಿತು ಅಂತಲೇ ನನಗೆ ಅನ್ನಿಸುತ್ತದೆ. ಹುಂಜ ಉಳಿಯಿತಲ್ಲ, ಅದಕ್ಕೂ ಒಂದಿಷ್ಟು ಅಂಕ ಕೊಡಬೇಡವೇ?

ಅಂಕ ಕೊಡುವ ವಿಷಯದಲ್ಲಿ ಅಶೋಕನೇ ವಾಸಿ. ಹಿಂದೆ ಅರಮನೆ ಅಡುಗೆಮನೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿ ಸಾಯುತ್ತಿದ್ದವು, ಈಗ ಮೂರೇ, ಎರಡು ನವಿಲು ಒಂದು ಜಿಂಕೆ, ಜಿಂಕೆಯೂ ದಿನಾ ಇಲ್ಲ, ಮುಂದೆ ಇವನ್ನೂ ಕೊಲ್ಲುವುದಿಲ್ಲ ಅಂತ ಕಲ್ಲಿನ ಮೇಲೆ ಕೆತ್ತಿಸಿದ. ಬಲಿ ಕೂಡದು ಅಂತ ಹೇಳುವ ಅದೇ ಶಾಸನದಲ್ಲಿ ತನ್ನ ಊಟದ ಬಾಕಿಯನ್ನೂ ಒಪ್ಪಿಕೊಂಡ ಚಕ್ರವರ್ತಿ. ಆ ಎರಡು ನವಿಲಿನಿಂದಾಗಿ ನನಗೆ ಅವನ ಮೇಲೆ ಜಾಸ್ತಿ ನಂಬಿಕೆ.

ನಮ್ಮ ಸರ್ಕಾರಕ್ಕೆ ಇಂಥ ಸಂಕೋಚ ಇಲ್ಲ. ಕರ್ನಾಟಕದಲ್ಲಿ ಪ್ರಾಣಿಬಲಿ ತಡೆ ಕಾಯ್ದೆ 1959ರಿಂದ ಇದೆ. ದೇವಸ್ಥಾನದಲ್ಲಿ, ಅದರ ಆವರಣದಲ್ಲಿ, ದೇವರ ಮೆರವಣಿಗೆಯಲ್ಲಿ ಬಲಿ ಕೊಡುವಂತಿಲ್ಲ. ಜಾತ್ರೆ ಬಂದರೆ ತಹಶೀಲ್ದಾರರು ಬ್ಯಾನರ್ ಕಟ್ಟಿಸುತ್ತಾರೆ, ಪೊಲೀಸರು ಬರುತ್ತಾರೆ. ಕುರಿಗೆ ಗುಡಿ ಮುಂದೆ ತೀರ್ಥ ಆಗುತ್ತದೆ, ಮಚ್ಚಿನ ಕೆಲಸ ಪಕ್ಕದ ತೆಂಗಿನ ತೋಟದಲ್ಲಿ. ಪೊಲೀಸರಿಗೂ ಅಲ್ಲೇ ಊಟ. ಪಕ್ಕದ ತಮಿಳುನಾಡಿನಲ್ಲಿ 1950ರ ಕಾಯ್ದೆಯನ್ನು 2003ರಲ್ಲಿ ಬಿಗಿಯಾಗಿ ಜಾರಿ ಮಾಡಲು ಹೋಗಿ, ಜನ ತಿರುಗಿಬಿದ್ದು, 2004ರಲ್ಲಿ ಕಾಯ್ದೆಯನ್ನೇ ಹಿಂದೆ ತೆಗೆದುಕೊಂಡರು. ಕೆಲವು ಕಡೆ ಈಗ ಕೋಣದ ಮೈಯಿಂದ ಸಿರಿಂಜಿನಲ್ಲಿ ಒಂದಿಷ್ಟು ರಕ್ತ ತೆಗೆದು ಅಮ್ಮನಿಗೆ ಒಪ್ಪಿಸುತ್ತಾರೆ. ಕೋಣ ಮನೆಗೆ ವಾಪಸ್ ಹೋಗುತ್ತದೆ. ಇದನ್ನು ಆಡಿಕೊಂಡು ನಗುವವರಿದ್ದಾರೆ. ನನಗಂತೂ ಇದು ಸಾವಿರಾರು ವರ್ಷದ ಜಾಣ್ಮೆಯ ಮುಂದುವರಿಕೆಯಾಗಿಯೇ ಕಾಣುತ್ತದೆ.

ಬೆಂಗಳೂರಿನವರೂ ಬಲಿ ಬಿಟ್ಟಿಲ್ಲ. ಆಯುಧ ಪೂಜೆಯ ಸಂಜೆ ರಸ್ತೆಗೆ ಬನ್ನಿ. ಬೂದುಗುಂಬಳಕ್ಕೆ ತೂತು ಕೊರೆದು, ಒಳಗೆ ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ ಇಳಿ ತೆಗೆದು ನಡುರಸ್ತೆಗೆ ಅಪ್ಪಳಿಸುತ್ತಾರೆ. ಒಳಗಿನ ತಿರುಳು ಕೆಂಪಗೆ ಚೆಲ್ಲಾಪಿಲ್ಲಿ. ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಪಚಕ್. ಹೀಗೆ ಮಾಡುವವರಲ್ಲಿ ಅರ್ಧ ಜನ, ಹಳ್ಳಿಯವರು ಕುರಿ ಕಡಿಯೋದು ಅನಾಗರಿಕ ಅನ್ನುವವರೇ. ಆ ಕೆಂಪು ಯಾಕೆ ಬೇಕು ಅಂತ ಯಾರೂ ಕೇಳುವುದಿಲ್ಲ. ಮರುದಿನ ಬೆಳಿಗ್ಗೆ ಅದರ ಮೇಲೆ ಜಾರಿ ಬೀಳುವ ಸ್ಕೂಟರಿನವರು ಮಾತ್ರ ಕೇಳುತ್ತಾರೆ.

ನಮ್ಮ ಕಡೆಯ ಒಂದು ಊರಿನಲ್ಲಿ ಮಾರಿಹಬ್ಬಕ್ಕೆ ಸಭೆ ಸೇರಿತ್ತು. ಕೇರಿಯ ಹುಡುಗರು ಬಂದು ನಿಂತು, ಈ ಸಲದಿಂದ ನಾವು ಮಚ್ಚು ಹಿಡಿಯೋದಿಲ್ಲ ಅಂದರು. ಗಲಾಟೆ ಏನಿಲ್ಲ, ಬಂದು ಹೇಳಿದರು ಅಷ್ಟೇ. ಹಿರಿಯರಿಗೆ ಸಿಟ್ಟು ಬಂತು. ಅಮ್ಮ ಮುನಿದರೆ ಮಳೆ ಹೋಗುತ್ತದೆ, ರೋಗ ಬರುತ್ತದೆ, ನಡೆದು ಬಂದದ್ದು ನಿಲ್ಲಬಾರದು ಅಂತ ಒಬ್ಬೊಬ್ಬರೂ ಮಾತಾಡಿದರು. ಹಾಗಾದರೆ ನೀವೇ ಯಾರಾದರೂ ಕಡೀರಿ ಅಂದ ಒಬ್ಬ ಹುಡುಗ. ಸಭೆ ತಣ್ಣಗಾಯಿತು. ಯಜಮಾನರು ಪೂಜಾರಪ್ಪನ ಮುಖ ನೋಡಿದರು, ಪೂಜಾರಪ್ಪ ಗೌಡರ ಮುಖ ನೋಡಿದ, ಗೌಡರು ಚಾವಡಿಯ ಕಂಬ ನೋಡಿದರು. ಟೀ ಬಂತು. ಟೀ ಮುಗಿಯುವ ಹೊತ್ತಿಗೆ, ಕಾನೂನೂ ಇದೆಯಲ್ಲ, ಈ ಸಲ ಬೂದುಗುಂಬಳ ಒಡೆದರಾಯಿತು ಅಂತ ತೀರ್ಮಾನ ಆಗಿತ್ತು.

ಹಬ್ಬದ ದಿನ ದೊಡ್ಡ ಕುಂಬಳಕಾಯಿಯೊಂದಕ್ಕೆ ಅರಿಶಿನ ಬಳಿದು ಗುಡಿ ಮುಂದೆ ಇಟ್ಟರು. ಗೌಡರು ಅಭ್ಯಾಸಬಲದಲ್ಲಿ ಅದೇ ಹುಡುಗನ ಕಡೆ ತಿರುಗಿ, "ಬಾರಪ್ಪ, ಒಡಿ" ಅಂದರು.

"ಇದನ್ನಾದ್ರೂ ನೀವೇ ಒಡೀರಿ ಗೌಡ್ರೇ" ಅಂದ ಅವನು.

ಗೌಡರ ಮೊಮ್ಮಗ ಮಚ್ಚು ತೆಗೆದುಕೊಂಡ. ಹಿಡಿದು ಅಭ್ಯಾಸವಿರಲಿಲ್ಲ. ಮೊದಲ ಏಟು ಜಾರಿತು, ಎರಡನೆಯದು ಸಿಪ್ಪೆಗೆ ಸಿಕ್ಕಿಕೊಂಡಿತು. ಮೂರನೆಯದಕ್ಕೆ ಒಡೆಯಿತು.